ಉಪ್ಪಿನಂಗಡಿ: ಉಪ್ಪಿನ ವ್ಯಾಪಾರದಿಂದ ಬೆಳೆದ ಹೊಳೆದಂಡೆಯ ಪಟ್ಟಣ

ದಕ್ಷಿಣ ಕನ್ನಡ ಜಿಲ್ಲೆಯ ಪುತ್ತೂರು ತಾಲ್ಲೂಕಿನಲ್ಲಿ, ನೇತ್ರಾವತಿ ಮತ್ತು ಕುಮಾರಧಾರಾ ನದಿಗಳು ಕೂಡುವ ಸ್ಥಳದಲ್ಲಿ ಉಪ್ಪಿನಂಗಡಿ ಪಟ್ಟಣವಿದೆ. ಮಂಗಳೂರಿನ ಕಡಲತೀರದಿಂದ ರಸ್ತೆಯಲ್ಲಿ ಸುಮಾರು 50 ಕಿಲೋಮೀಟರ್ ಒಳನಾಡು. ಇಲ್ಲಿ ಉಪ್ಪು ತಯಾರಾಗುವುದಿಲ್ಲ. ಆದರೂ ಊರಿನ ಹೆಸರಿನಲ್ಲಿಯೇ ಉಪ್ಪೂ ಇದೆ, ಅಂಗಡಿಯೂ ಇದೆ.

ಕರಾವಳಿಯ ಅಳಿವೆಗಳ ಬದಿಯಲ್ಲಿ ಮಣ್ಣಿನ ಬದುಗಳನ್ನು ಕಟ್ಟಿ, ಉಬ್ಬರದ ನೀರನ್ನು ಆಗರಗಳಿಗೆ ಹಾಯಿಸಿ, ಬಿಸಿಲಿನಲ್ಲಿ ಆರಿಸಿ ಉಪ್ಪು ತೆಗೆಯುವುದು ಹಳೆಯ ಉದ್ಯಮ. ಮಳೆಗಾಲ ಬಂದರೆ ಆ ಕೆಲಸ ನಿಲ್ಲುತ್ತದೆ. ಘಟ್ಟದ ಮೇಲಿನವರಿಗಾದರೋ ಉಪ್ಪು ವರ್ಷವಿಡೀ ಬೇಕು. ದೋಣಿಗಳಲ್ಲಿ ನೇತ್ರಾವತಿಯ ಮೇಲ್ಮುಖವಾಗಿ ಸಾಗಿ ಬಂದ ಉಪ್ಪು ಈ ಸಂಗಮದಲ್ಲಿ ಇಳಿಯುತ್ತಿತ್ತು. ಅಲ್ಲಿಂದ ಮುಂದೆ ಹೇರೆತ್ತುಗಳ ಬೆನ್ನೇರಿ ಘಟ್ಟದ ದಾರಿ ಹಿಡಿಯುತ್ತಿತ್ತು ಎಂಬುದು ಊರಿನ ಹೆಸರಿಗೆ ಜನರು ಕೊಡುವ ವಿವರಣೆ. ದೋಣಿಯಿಂದ ಎತ್ತಿಗೆ ಸರಕು ಬದಲಾಗುವೆಡೆಯಲ್ಲಿ ದಾಸ್ತಾನು ಬೇಕು, ತೂಗುವವರು ಬೇಕು, ತಂಗಲು ಜಾಗ ಬೇಕು. ಅಂಗಡಿಗಳ ಸಾಲು ಊರಾಗುವುದು ಹೀಗೆಯೇ. ಇಂದಿಗೂ ಮಂಗಳೂರಿನಿಂದ ಶಿರಾಡಿ ಘಟ್ಟವೇರಿ ಬೆಂಗಳೂರಿಗೆ ಹೋಗುವ ಹೆದ್ದಾರಿ ಈ ಊರಿನ ಮೂಲಕವೇ ಸಾಗುತ್ತದೆ.

ತುಳುವರು ಈ ಊರನ್ನು ಉಬಾರ್ ಎನ್ನುತ್ತಾರೆ. ಸಂಗಮದ ದಡದಲ್ಲಿ ಸಹಸ್ರಲಿಂಗೇಶ್ವರ ದೇವಾಲಯವಿದೆ. ಮಳೆಗಾಲದಲ್ಲಿ ಎರಡೂ ನದಿಗಳು ಉಕ್ಕಿ ದೇವಾಲಯದ ಮುಂದೆ ಒಂದಾದರೆ ಅದನ್ನು ‘ಸಂಗಮ’ವೆಂದು ಪೂಜಿಸುತ್ತಾರೆ. ಊರನ್ನು ಬೆಳೆಸಿದ ಹೊಳೆಯೇ 1923ರ ಮಹಾಪ್ರವಾಹದಲ್ಲಿ ನೇತ್ರಾವತಿ ತೀರದ ಊರುಗಳನ್ನು ಕೊಚ್ಚಿಹಾಕಿತು.

ಸಮುದ್ರ ದೂರವಿದ್ದ ನಮ್ಮ ಬಯಲುಸೀಮೆಯ ಕಥೆ ಬೇರೆ. ಇಲ್ಲಿ ಉಪ್ಪಾರರು ಸೌಳು ಮಣ್ಣಿಗೆ ನೀರು ಹಾಯಿಸಿ, ಆ ನೀರನ್ನು ಬಸಿದು, ಒಣಗಿಸಿ ಉಪ್ಪು ತೆಗೆಯುತ್ತಿದ್ದರು. ಬ್ರಿಟಿಷರ ಉಪ್ಪಿನ ಕಾನೂನುಗಳು ಆ ಕಸುಬನ್ನು ಅಡಗಿಸಿದವು. ಜಾತಿಯ ಹೆಸರಿನಲ್ಲಿ ಮಾತ್ರ ಅದು ಉಳಿದಿದೆ.

ಉಪ್ಪಿನಂಗಡಿಯೂ ಹೊಸೂರೂ ಒಂದು ಕಾಲಕ್ಕೆ ಒಂದೇ ಮದ್ರಾಸ್ ಪ್ರಾಂತ್ಯದಲ್ಲಿದ್ದವು. ಆಗ ಒಂದು ಇಡೀ ತಾಲ್ಲೂಕಿಗೇ ಉಪ್ಪಿನಂಗಡಿ ಎಂಬ ಹೆಸರಿತ್ತು. 1956ರ ನವೆಂಬರ್ 1ರಂದು ಉಪ್ಪಿನಂಗಡಿ ಮೈಸೂರು ರಾಜ್ಯಕ್ಕೆ ಸೇರಿತು, ಹೊಸೂರು ಮದ್ರಾಸಿನಲ್ಲಿಯೇ ಉಳಿಯಿತು. ಉಪ್ಪಿನಂಗಡಿಯ ಮಗು ಬಸ್ಸಿನ ಫಲಕ ಓದಿದರೆ ಊರಿನ ಚರಿತ್ರೆಯ ಅರ್ಧ ಭಾಗ ತಾನಾಗಿ ತಿಳಿಯುತ್ತದೆ. ನಮ್ಮ ಮಕ್ಕಳು ನಿತ್ಯ ನೋಡುವ ತಮಿಳು ಫಲಕದಲ್ಲಿ ಹಕಾರ ಬಿಟ್ಟುಹೋಗಿ ‘ಓಸೂರ್’ ಎಂದಿರುವುದರಿಂದ, ಅದು ‘ಹೊಸ ಊರು’ ಎಂಬುದನ್ನು ಮನೆಯಲ್ಲಿ ಇಲ್ಲವೇ ಕನ್ನಡ ತರಗತಿಯಲ್ಲಿ ಯಾರಾದರೂ ಹೇಳಿಕೊಡಬೇಕಾಗುತ್ತದೆ.