ಚನ್ನಪಟ್ಟಣದ ಮರದ ಡಬ್ಬಿ, ಬಟ್ಟಲು: ಹೇಗೆ ಮಾಡ್ತಾರೆ? ಏನು ನೋಡಿ ತಗೋಬೇಕು?

ಚನ್ನಪಟ್ಟಣ: ಊರಿನ ಹೆಸರು ಹೇಳಿದ್ರೆ ಎಲ್ಲರಿಗೂ ಮೊದಲು ನೆನಪಾಗೋದು ಬೊಂಬೆ. ಆದ್ರೆ ಬೊಂಬೆ ಮಾಡೋ ಅದೇ ಕೈಗಳು ಕುಂಕುಮದ ಭರಣಿ, ಮುಚ್ಚಳದ ಡಬ್ಬಿ, ಬಟ್ಟಲು, ಬಳೆಗಳನ್ನೂ ಮಾಡುತ್ತವೆ. ಕೊಳ್ಳುವವರಿಗೆ ಗೊತ್ತಿರಬೇಕಾದ ಮಾಹಿತಿ ಇಲ್ಲಿದೆ.

ಯಾವ ಮರ?
ಸಾಂಪ್ರದಾಯಿಕವಾಗಿ ಬಳಸೋದು ಆಲೆ ಮರ. ಬಿಳುಪು ಬಣ್ಣ, ನುಣುಪಾದ ಎಳೆ, ಉಳಿಗೆ ಸುಲಭವಾಗಿ ಬಗ್ಗುತ್ತೆ. ಕಡಿದ ತಕ್ಷಣ ಕೆಲಸಕ್ಕೆ ಬರಲ್ಲ, ಚೆನ್ನಾಗಿ ಒಣಗಬೇಕು. ಹಸಿ ಮರದಲ್ಲಿ ಮಾಡಿದ ಡಬ್ಬಿ ಆಮೇಲೆ ಸೊಟ್ಟಗಾಗುತ್ತೆ, ಇಲ್ಲವೇ ಸೀಳು ಬಿಡುತ್ತೆ. ಈಗ ರಬ್ಬರ್ ಮರ ಸೇರಿದಂತೆ ಬೇರೆ ಮರಗಳನ್ನೂ ಬಳಸ್ತಾರೆ.

ಬಣ್ಣ ಹಚ್ಚೋಕೆ ಬ್ರಷ್ ಬೇಡ
ಮರದ ತುಂಡನ್ನು ಲೇತ್‌ಗೆ ಸಿಕ್ಕಿಸಿ ತಿರುಗಿಸುತ್ತಾ ಉಳಿಯಿಂದ ಆಕಾರ ಕೊಡ್ತಾರೆ. ನಂತರ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ತಿರುಗೋ ಮರಕ್ಕೆ ಒತ್ತಿ ಹಿಡೀತಾರೆ. ಉಜ್ಜಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಅಂಟಿಕೊಳ್ಳುತ್ತೆ. ಕೊನೆಗೆ ಗರಿಯಿಂದ ಒತ್ತಿ ಉಜ್ಜಿದ್ರೆ ಹೊಳಪು ಬರುತ್ತೆ. ಅರಗು ಅಂದ್ರೆ ಮರದ ಕೊಂಬೆಗಳ ಮೇಲೆ ಬದುಕೋ ಸಣ್ಣ ಕೀಟ ಸ್ರವಿಸೋ ಅಂಟು. ಅರಿಶಿನ, ನೀಲಿಯಂಥ ಸಸ್ಯಜನ್ಯ ಬಣ್ಣಗಳನ್ನು ಬೆರೆಸೋ ಪದ್ಧತಿಯೂ ಇದೆ.

ಡಬ್ಬಿ ಯಾಕೆ ಕಷ್ಟ?
ಬೊಂಬೆ ಒಂದು ಕೂದಲೆಳೆ ದಪ್ಪ ಆದ್ರೂ ಬೊಂಬೆಯೇ. ಡಬ್ಬಿ ಹಾಗಲ್ಲ. ಮುಚ್ಚಳ ಬಿಗಿ ಆದ್ರೆ ತೆಗೆಯೋಕಾಗಲ್ಲ, ಸಡಿಲ ಆದ್ರೆ ನಿಲ್ಲಲ್ಲ. ಮಳೆಗಾಲದಲ್ಲಿ ಮರ ಉಬ್ಬುತ್ತೆ, ಬೇಸಿಗೆಯಲ್ಲಿ ಕುಗ್ಗುತ್ತೆ. ಇದನ್ನೆಲ್ಲಾ ಲೆಕ್ಕ ಹಾಕಿಯೇ ಕುಸುರಿಗಾರರು ಬಾಯಿ ಕಡೀಬೇಕು. ಬಟ್ಟಲಿನ ಒಳಭಾಗ ತೋಡುವಾಗಲೂ ಅಷ್ಟೇ, ಉಳಿ ಸ್ವಲ್ಪ ಜಾಸ್ತಿ ಇಳಿದ್ರೆ ತಳ ತೂತು. ಅಲ್ಲಿವರೆಗೆ ಮಾಡಿದ ಕೆಲಸ, ಮರ ಎರಡೂ ಹೋಯ್ತು. ಚೌಕಾಸಿ ಮಾಡೋ ಮುಂಚೆ ಇದು ನೆನಪಿರಲಿ.

ತಗೊಳ್ಳುವಾಗ ನೋಡಿ
* ಮುಚ್ಚಳವನ್ನು ನಾಲ್ಕು ಕಡೆ ತಿರುಗಿಸಿ ಹಾಕಿ. ಎಲ್ಲಾ ಕಡೆ ಒಂದೇ ಥರ ಕೂರಬೇಕು.
* ಬಟ್ಟಲಿನ ಒಳಗೆ ಬೆರಳಾಡಿಸಿ. ಏರುಪೇರು, ಸಿಬಿರು ಇರಬಾರದು.
* ಮಕ್ಕಳ ಕೈಗೆ ಕೊಡೋದಾದ್ರೆ ಹಚ್ಚಿರೋದು ಅರಗೋ, ಪೇಂಟೋ ಅಂತ ಕೇಳಿ. ಸೀಸ ಇರೋ ಪೇಂಟ್ ಮಕ್ಕಳ ಆರೋಗ್ಯಕ್ಕೆ ಅಪಾಯ.

ಮನೆಯಲ್ಲಿ ಹೀಗೆ ಇಟ್ಟುಕೊಳ್ಳಿ
ಅರಗಿಗೆ ಬಿಸಿ ಆಗಲ್ಲ. ಬಿಸಿ ಸಾರು, ಕಾಫಿ ಹಾಕಬೇಡಿ. ನೀರಲ್ಲಿ ನೆನೆಸಬೇಡಿ, ಬಿಸಿಲಲ್ಲಿ ಇಡಬೇಡಿ. ಸ್ಪಿರಿಟ್, ಸ್ಯಾನಿಟೈಸರ್ ತಾಗಿದ್ರೆ ಬಣ್ಣ ಬಿಡುತ್ತೆ. ಒಣ ಬಟ್ಟೆಯಲ್ಲಿ ಒರೆಸಿದ್ರೆ ಸಾಕು. ಒಣಹಣ್ಣು, ಅಡಿಕೆ, ಕುಂಕುಮ, ಒಡವೆ ಇಡೋಕೆ ಹೇಳಿ ಮಾಡಿಸಿದ್ದು.

ಹೆಸರಿದೆ, ಗಿರಾಕಿ ಎಲ್ಲಿ?
ಚನ್ನಪಟ್ಟಣದ ಬೊಂಬೆಗಳಿಗೆ ಭೌಗೋಳಿಕ ಸೂಚಿಕೆ, ಅಂದ್ರೆ ಜಿಐ ಮಾನ್ಯತೆ ಇದೆ. ಬೇರೆ ಕಡೆ ಮಾಡಿದ ಮಾಲನ್ನು ಈ ಹೆಸರಲ್ಲಿ ಮಾರುವಂತಿಲ್ಲ. ಆದ್ರೆ 2023ರ ಮಾರ್ಚ್‌ನಲ್ಲಿ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆ ಆದ್ಮೇಲೆ ವಾಹನಗಳು ಬೈಪಾಸ್‌ನಲ್ಲೇ ಹೋಗ್ತಿವೆ. ಹಳೇ ರಸ್ತೆ ಬದಿಯ ಬೊಂಬೆ ಅಂಗಡಿಗಳ ಮುಂದೆ ಕಾರು ನಿಲ್ಲೋದು ಕಮ್ಮಿ ಆಗಿದೆ. ಅಂಗಡಿಯಲ್ಲಿ ಮಾಲು ಹೋಗದಿದ್ರೆ ಲೇತ್ ಹಿಂದೆ ಕೂತವರಿಗೂ ಆರ್ಡರ್ ಬರಲ್ಲ.

ಮೈಸೂರು ಕಡೆ ಹೋಗುವವರು ಬೈಪಾಸ್ ಬಿಟ್ಟು ಊರೊಳಗಿನ ಹಳೇ ರಸ್ತೆ ಹಿಡಿದ್ರೆ ಅಂಗಡಿಗಳು ಸಿಗುತ್ತವೆ. ಅವಕಾಶ ಇದ್ರೆ ಕುಸುರಿಗಾರರ ಮನೆಯಲ್ಲೇ ಕೇಳಿ ತಗೊಳ್ಳಿ. ಮಾಡುವುದನ್ನೂ ನೋಡಬಹುದು, ದುಡ್ಡೂ ನೇರ ಮಾಡಿದವರ ಕೈಗೇ ಸೇರುತ್ತೆ.