ಬಾಡಿಗೆ ಮನೆಯೂ ನೆರೆಹೊರೆಯ ಪಾಠವೂ

ಐದು ಅಂತಸ್ತಿನ ಒಂದು ಕಟ್ಟಡ. ಕೋಳಿ, ಕೋಗಿಲೆ, ಕರಿಬೆಕ್ಕು, ಅಳಿಲು ಅಲ್ಲಿನ ನಿವಾಸಿಗಳು. ಮೇಲಿನ ಮನೆಯ ಇಲಿ ಜಾಗ ಖಾಲಿ ಮಾಡಿದೆ. ನೋಡಲು ಬಂದವರಿಗೆ ಮನೆ ಹಿಡಿಸುತ್ತದೆ, ನೆರೆಯವರು ಹಿಡಿಸುವುದಿಲ್ಲ. ಬೆಕ್ಕಿನ ಬಣ್ಣ ಕಪ್ಪೆಂದು ಮೂಗು ಮುರಿದ ಹಂದಿಯನ್ನು ಎಲ್ಲರೂ ಸೇರಿ ಹೊರಗಟ್ಟುತ್ತಾರೆ. ಕೊನೆಗೆ ಬಂದ ಪಾರಿವಾಳಕ್ಕೆ ಮನೆ ಅಷ್ಟಕ್ಕಷ್ಟೆ. ಆದರೆ ನೆರೆಹೊರೆ ಮೆಚ್ಚಿ ಅಲ್ಲೇ ನೆಲೆಸುತ್ತದೆ.

ಕವಯಿತ್ರಿ ಲಿಯಾ ಗೋಲ್ಡ್‌ಬರ್ಗ್ (1911–1970) ಹೀಬ್ರೂವಿನಲ್ಲಿ ಬರೆದ ಈ ಕಥೆ ಇಸ್ರೇಲಿನಲ್ಲಿ ಮನೆಮಾತು. ಶಾಲೆಯ ಮೆಟ್ಟಿಲು ಹತ್ತದ ಮಕ್ಕಳಿಗೂ ಅದು ಸಹಬಾಳ್ವೆಯ ಮೊದಲ ಪಾಠ. 1974ರಲ್ಲಿ ಬಂದ ಮಿರಿಯಂ ರೋತ್ ಅವರ ಐದು ಬಲೂನುಗಳ ಕಥೆ ಹೇಳುವುದು ಇನ್ನೊಂದು ಮೌಲ್ಯವನ್ನು. ಬಲೂನುಗಳು ಒಂದೊಂದಾಗಿ ಒಡೆಯುತ್ತವೆ. ಕಳೆದುಕೊಂಡದ್ದನ್ನು ಸಹಿಸಿಕೊಳ್ಳಲು ಮಗು ಕಲಿಯುತ್ತದೆ.

ಇಂಥ ಪುಸ್ತಕಗಳ ಮೇಲೆ ಮೊದಲಿನಿಂದಲೂ ಭಾಷೆಯ ಹೊರೆಯೂ ಇತ್ತು. 1898ರಲ್ಲಿ ರಿಶೋನ್ ಲೆಜಿಯೋನ್‌ನಲ್ಲಿ ಮೊದಲ ಹೀಬ್ರೂ ಶಿಶುವಿಹಾರ ತೆರೆದಾಗ ಹೆಚ್ಚಿನ ಮಕ್ಕಳ ಮನೆಮಾತು ಬೇರೆಯೇ ಆಗಿತ್ತು. ಹೀಬ್ರೂವನ್ನು ಮನೆಗೆ ಒಯ್ದವರೇ ಮಕ್ಕಳು.

ಅರಬ್ಬಿ ಮಕ್ಕಳ ಸಮಸ್ಯೆ ಬೇರೆ ಬಗೆಯದು. ಮನೆಯಲ್ಲಿ ಆಡುವುದು ಊರಿನ ಆಡುನುಡಿ. ಪುಸ್ತಕದಲ್ಲಿರುವುದು ಸಾಮಾನ್ಯವಾಗಿ ‘ಫುಸ್‌ಹಾ’ ಎಂಬ ಗ್ರಾಂಥಿಕ ಅರಬ್ಬಿ. ಈಜಿಪ್ಟಿನ ಕಾಮಿಲ್ ಕೀಲಾನಿ 1927ರಲ್ಲಿ ಸಿಂದಬಾದನ ಕಥೆಯಿಂದ ಮಕ್ಕಳ ಪುಸ್ತಕಗಳನ್ನು ಆರಂಭಿಸಿದಾಗ ಆರಿಸಿಕೊಂಡದ್ದೂ ಅದನ್ನೇ. ಓದಿ ಹೇಳುವ ತಂದೆತಾಯಿ ಅನುವಾದಕರೂ ಆಗಬೇಕಾಗುತ್ತದೆ.

ಇಸ್ರೇಲಿನ ಶಿಕ್ಷಣ ಸಚಿವಾಲಯ ಮತ್ತು ಗ್ರಿನ್‌ಸ್ಪೂನ್ ಪ್ರತಿಷ್ಠಾನ 2009ರಲ್ಲಿ ಹೀಬ್ರೂ ಶಿಶುವಿಹಾರಗಳಿಗಾಗಿ ‘ಸಿಫ್ರಿಯತ್ ಪಿಜಾಮಾ’ ಯೋಜನೆ ಆರಂಭಿಸಿದವು. 2014ರಲ್ಲಿ ಅರಬ್ಬಿ ಮಕ್ಕಳಿಗಾಗಿ ‘ಮಕ್ತಬತ್ ಅಲ್ ಫಾನೂಸ್’, ಅಂದರೆ ಲಾಂದ್ರದ ಗ್ರಂಥಾಲಯ, ಬಂತು. ಶಿಕ್ಷಕಿ ತರಗತಿಯಲ್ಲಿ ಓದಿ ಹೇಳಿದ ಪುಸ್ತಕ ಉಚಿತವಾಗಿ ಮಗುವಿನ ಮನೆ ಸೇರುತ್ತದೆ. ಮಗುವಿನೊಡನೆ ಏನು ಮಾತಾಡಬಹುದೆಂಬ ಸೂಚನೆಗಳು ಹೆತ್ತವರಿಗಾಗಿ ಅದರಲ್ಲೇ ಇರುತ್ತವೆ. ಮೌಲ್ಯ ಮಗುವಿಗೆ ದಾಟುವುದು ಪುಸ್ತಕದ ಕೊನೆಯ ಸಾಲಿನಿಂದಲ್ಲ, ಈ ಮಾತುಕತೆಯಿಂದ ಎಂಬುದು ಇದರ ಹಿಂದಿನ ನಂಬಿಕೆ.

ಕಥೆಗಳು ಈ ಎರಡು ಭಾಷೆಗಳ ನಡುವೆ ಹಿಂದೆಯೂ ಓಡಾಡಿವೆ. ನಮ್ಮ ಪಂಚತಂತ್ರ ಪಹ್ಲವಿಯ ಮೂಲಕ 8ನೇ ಶತಮಾನದಲ್ಲಿ ಅರಬ್ಬಿಗೆ ಬಂದು ‘ಕಲೀಲಾ ವ ದಿಮ್ನಾ’ ಆಯಿತು. ಮಧ್ಯಯುಗದಲ್ಲಿ ಅಲ್ಲಿಂದ ಹೀಬ್ರೂವಿಗೆ ಹೋಯಿತು. ಆದರೆ ಇಸ್ರೇಲಿನಲ್ಲಿ ಈ ಎರಡು ಭಾಷೆಗಳ ಮಕ್ಕಳು ಇಂದಿಗೂ ಬಹುಪಾಲು ಬೇರೆ ಬೇರೆ ಶಾಲೆಗಳಲ್ಲಿ ಕಲಿಯುತ್ತಾರೆ. ಪಕ್ಕದ ಊರಿನ ಮಗುವನ್ನು ಎಷ್ಟೋ ಮಕ್ಕಳು ಮೊದಲು ಕಾಣುವುದು ದೊಡ್ಡವರ ಮಾತಿನಲ್ಲಿ, ಇಲ್ಲವೇ ಸುದ್ದಿಯಲ್ಲಿ. ಅದಕ್ಕೂ ಮೊದಲೇ ಒಂದು ಚಿತ್ರಪುಸ್ತಕದಲ್ಲಿ ಕಂಡರೆ, ಆ ಮಗುವಿಗೂ ಒಂದು ಮನೆ, ಒಂದು ಅಜ್ಜಿ, ಒಂದು ಬಲೂನು ಇದೆಯೆಂದು ತಿಳಿದೀತು.