ಬೆರಳಿನ ಶಾಯಿ ಮತ್ತು ಸದನದ ಎಣಿಕೆ

ಪ್ರಜಾಪ್ರಭುತ್ವದಲ್ಲಿ ಮತವನ್ನು ಎರಡು ಎಡೆಗಳಲ್ಲಿ ಕಾಯಬೇಕಾಗುತ್ತದೆ: ಮತಗಟ್ಟೆಯಲ್ಲಿ ಒಮ್ಮೆ, ಶಾಸನಸಭೆಯಲ್ಲಿ ಇನ್ನೊಮ್ಮೆ. ಈ ಎರಡು ಕಾವಲುಗಳ ಚರಿತ್ರೆಯಲ್ಲಿಯೂ ಕನ್ನಡನಾಡಿಗೆ ವಿಶೇಷವಾದ ಸ್ಥಾನವಿದೆ.

ಮೊದಲನೆಯದು ವಾಚಕರಿಗೆ ಸುಪರಿಚಿತ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937ರಲ್ಲಿ, ಮೈಸೂರಿನಲ್ಲಿ ಸ್ಥಾಪಿತವಾದ ಅರಗು ಮತ್ತು ಬಣ್ಣದ ಕಾರ್ಖಾನೆಯು 1962ರ ಮಹಾಚುನಾವಣೆಯಿಂದ ಮೊದಲ್ಗೊಂಡು ಅಳಿಸಲಾಗದ ಶಾಯಿಯನ್ನು ಒದಗಿಸುತ್ತ ಬಂದಿದೆ. ಅದರ ಸೂತ್ರ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ್ದು. ಶಾಯಿಯಲ್ಲಿರುವ ಸಿಲ್ವರ್ ನೈಟ್ರೇಟ್ ಬೆಳಕು ತಾಗಿದಾಗ ಚರ್ಮದ ಮೇಲೆ ಕಪ್ಪಾಗಿ ನಿಲ್ಲುತ್ತದೆ. ವಸಂತ್ ಕುಂಜ್‌ನ ಮತಗಟ್ಟೆಯಲ್ಲಿ ನಮ್ಮ ಬೆರಳಿಗೆ ತಗಲುವುದೂ ಮೈಸೂರಿನ ಶಾಯಿಯೇ. ಒಬ್ಬನೇ ಎರಡು ಸಲ ಮತ ಹಾಕುವ ವಂಚನೆಗೆ ಅದು ತಡೆಯಾಯಿತು.

ಆದರೆ ಎಣಿಕೆ ಮುಗಿದ ಮೇಲೆ ಆ ಮತವನ್ನು ಕಾಯುವವರಾರು? ಈ ಪ್ರಶ್ನೆ 1989ರಲ್ಲಿ ತೀವ್ರವಾಗಿ ಎದ್ದಿತು. ಎಸ್. ಆರ್. ಬೊಮ್ಮಾಯಿಯವರು 1988ರ ಆಗಸ್ಟ್ 13ರಂದು ಮುಖ್ಯಮಂತ್ರಿಗಳಾಗಿದ್ದರು. ಮುಂದಿನ ಏಪ್ರಿಲ್‌ನಲ್ಲಿ 19 ಶಾಸಕರು ಬೆಂಬಲವನ್ನು ಹಿಂತೆಗೆದುಕೊಂಡರೆಂಬ ಪತ್ರಗಳು ರಾಜ್ಯಪಾಲ ಪಿ. ವೆಂಕಟಸುಬ್ಬಯ್ಯನವರ ಕೈಸೇರಿದವು. ಕೆಲವೇ ದಿನಗಳಲ್ಲಿ ಅವರಲ್ಲಿ 7 ಮಂದಿ, ತಮ್ಮ ಸಹಿಗಳನ್ನು ತಪ್ಪು ತಿಳಿವಳಿಕೆ ನೀಡಿ ಪಡೆಯಲಾಗಿದೆಯೆಂದು ಬರೆದುಕೊಟ್ಟರು. ಸದನದಲ್ಲಿ ಬಹುಮತವನ್ನು ತೋರಿಸಲು ಸಿದ್ಧವೆಂದು ಮುಖ್ಯಮಂತ್ರಿಗಳೂ ತಿಳಿಸಿದರು. ಬ್ಯಾಂಕಿನಲ್ಲಿ ಸಾಮಾನ್ಯ ಚೆಕ್ಕೊಂದರ ಸಹಿ ಸಂದೇಹಾಸ್ಪದವಾದರೂ ಖಾತೆದಾರನನ್ನು ವಿಚಾರಿಸದೆ ಹಣ ಕೊಡುವುದಿಲ್ಲ. ಅಲ್ಲಿ ಒಂದು ಸರ್ಕಾರವೇ ಪಣದಲ್ಲಿದ್ದರೂ ವಿಚಾರಣೆ ನಡೆಯಲಿಲ್ಲ. ಏಪ್ರಿಲ್ 21ರಂದು ರಾಷ್ಟ್ರಪತಿ ಆಳ್ವಿಕೆ ಜಾರಿಗೆ ಬಂದಿತು.

ಸರ್ವೋಚ್ಚ ನ್ಯಾಯಾಲಯದ 9 ನ್ಯಾಯಾಧೀಶರ ಪೀಠವು 1994ರ ಮಾರ್ಚ್ 11ರಂದು ಆ ಕ್ರಮವನ್ನು ಅಸಾಂವಿಧಾನಿಕವೆಂದು ಸಾರಿತು. ಬಹುಮತದ ನಿರ್ಣಯ ರಾಜಭವನದಲ್ಲಲ್ಲ, ಸದನದಲ್ಲಿಯೇ ಆಗಬೇಕೆಂಬುದು ಅದರ ಸಾರ. ಅಷ್ಟರಲ್ಲಿ ಹೊಸ ಚುನಾವಣೆಯೇ ಮುಗಿದಿದ್ದುದರಿಂದ ಬೊಮ್ಮಾಯಿಯವರಿಗೆ ಅಧಿಕಾರ ಮರಳಲಿಲ್ಲ. ದೇಶಕ್ಕೆ ಮಾತ್ರ ಒಂದು ನಿಯಮ ದೊರೆಯಿತು.

ಆದರೆ ಸದನದ ಎಣಿಕೆಯನ್ನೇ ಬದಲಿಸುವ ದಾರಿಯೂ ಉಂಟು. 1985ರಲ್ಲಿ ಸಂವಿಧಾನಕ್ಕೆ ಸೇರಿದ ಹತ್ತನೆಯ ಅನುಸೂಚಿ ಪಕ್ಷಾಂತರವನ್ನು ನಿಷೇಧಿಸಿತು. ಆಗ ಪಕ್ಷಾಂತರದ ಬದಲು ರಾಜೀನಾಮೆ ಎಂಬ ಉಪಾಯ ಹುಟ್ಟಿತು. 2019ರ ಜುಲೈ 23ರಂದು ಕರ್ನಾಟಕದ ಸಮ್ಮಿಶ್ರ ಸರ್ಕಾರವು 99ಕ್ಕೆ ಎದುರಾಗಿ 105 ಮತಗಳಿಂದ ಬಿದ್ದಾಗ ಸುಮಾರು 20 ಶಾಸಕರು ಸದನಕ್ಕೇ ಬಂದಿರಲಿಲ್ಲ. ಸಭಾಧ್ಯಕ್ಷರು 17 ಮಂದಿಯನ್ನು ಅನರ್ಹಗೊಳಿಸಿದರು. ಸರ್ವೋಚ್ಚ ನ್ಯಾಯಾಲಯ ನವೆಂಬರ್ 13ರಂದು ಅನರ್ಹತೆಯನ್ನು ಎತ್ತಿಹಿಡಿಯಿತಾದರೂ, ಮತ್ತೆ ಸ್ಪರ್ಧಿಸಲು ಅವಕಾಶವಿತ್ತಿತು. ಡಿಸೆಂಬರ್‌ನ ಉಪಚುನಾವಣೆಯಲ್ಲಿ ಅವರ ಪೈಕಿ 11 ಮಂದಿ ಹೊಸ ಪಕ್ಷದಿಂದ ಗೆದ್ದುಬಂದರು.

ಮತದಾರನೇ ಒಪ್ಪಿದ ಮೇಲೆ ಆಕ್ಷೇಪವೇನು ಎಂಬ ವಾದ ಉಪೇಕ್ಷಣೀಯವಲ್ಲ. ಆದರೆ ಉಪಚುನಾವಣೆಯ ಹೊತ್ತಿಗೆ ಸರ್ಕಾರ ಬದಲಾಗಿ ನಾಲ್ಕು ತಿಂಗಳಾಗಿತ್ತು. ಮತದಾರನನ್ನು ಕೇಳಿದ್ದು ಕಾರ್ಯ ಮುಗಿದ ಮೇಲೆ. ಆದುದರಿಂದ, ರಾಜೀನಾಮೆಯಿತ್ತವರು ಅದೇ ಸದನದ ಅವಧಿಯಲ್ಲಿ ಮಂತ್ರಿಪದವಿಯನ್ನು ಪಡೆಯಬಾರದೆಂಬ ನಿಯಮ ವಿಚಾರಾರ್ಹವೆಂದು ನನ್ನ ಅಭಿಪ್ರಾಯ. ಮತಗಟ್ಟೆಯ ಕಾವಲಿಗೆ ಮೈಸೂರು ಶಾಯಿಯನ್ನು ಕೊಟ್ಟಿತು. ಸದನದ ಕಾವಲಿಗೆ ಬೊಮ್ಮಾಯಿಯವರ ಮೊಕದ್ದಮೆ ತೀರ್ಪನ್ನು ತಂದಿತು. ಉಳಿದಿರುವ ಬಿರುಕನ್ನು ಮುಚ್ಚುವ ಹೊಣೆ ಸಂಸತ್ತಿನದು.